ಆಲಾಮಾಯಿ ನೇಯ್ದ ಎರಡು ಕಸ್ತಿ

ನವಸಾರಿಯ ಮೋಟಾ ಫಳಿಯಾ ಬೀದಿಯಲ್ಲಿ ಆಲಾಮಾಯಿ ನೇಯ್ದ ಕಸ್ತಿ ಎಂಬ ಪವಿತ್ರ ದಾರವನ್ನು ಸೊಂಟಕ್ಕೆ ಸುತ್ತಿಕೊಳ್ಳದ ಪಾರ್ಸಿ ಮನೆಯೇ ಇರಲಿಲ್ಲ. ಉಣ್ಣೆ ನೂತು, ಪುಟ್ಟ ಮಗ್ಗದ ಮುಂದೆ ಬೆನ್ನು ಬಾಗಿಸಿ ಕೂತು, ಪ್ರಾರ್ಥನೆ ಗುನುಗುತ್ತಲೇ ನೇಯುವಾಕೆ. ಪುರೋಹಿತರ ಮನೆತನದ ಹೆಂಗಸರ ಕೆಲಸ ಅದು. ನೇಯ್ದದ್ದನ್ನು ಪುರೋಹಿತರು ಪ್ರಾರ್ಥನೆ ಹೇಳಿ ಕತ್ತರಿಸಿದರೆ ಮಾತ್ರ ಕಸ್ತಿ, ಇಲ್ಲದಿದ್ದರೆ ಬರೀ ದಾರ. ಆಲಾಮಾಯಿಗೆ ಕತ್ತರಿಸಿಕೊಡುತ್ತಿದ್ದವನು ಸ್ವಂತ ತಮ್ಮ, ಅಗಿಯಾರಿಯ, ಅಂದರೆ ಪಾರ್ಸಿಗಳ ಅಗ್ನಿಮಂದಿರದ, ಪುರೋಹಿತ ಕೇಕೋಬಾದ್.

ಮಗಳು ಹುತೋಕ್ಷಿ ಹಿಂದೂ ಪಟೇಲರ ಹುಡುಗ ಜಿಗ್ನೇಶನನ್ನು ಮದುವೆಯಾದಾಗ ಆಲಾಮಾಯಿಯೂ ಎಲ್ಲರಂತೆ ಎದೆ ಬಡಿದುಕೊಂಡಿದ್ದಳು, ಮಾತು ಬಿಟ್ಟಿದ್ದಳು. ಮೊಮ್ಮಗಳು ತನಾಜ್ ಹುಟ್ಟಿದ ಮೇಲೆ ಆ ಸಿಟ್ಟೆಲ್ಲ ಇಳಿದುಹೋಯಿತು. ಈಗ ಒಂಬತ್ತರ ಆ ಹುಡುಗಿಗೆ ಅಜ್ಜಿಯ ಪಕ್ಕ ಕೂತು ಕೇಳಿ ಕೇಳಿಯೇ ಪ್ರಾರ್ಥನೆಗಳೆಲ್ಲ ಬಾಯಿಪಾಠ. ಅವಳಿಗೆ ಬೇಕಾಗಿದ್ದದ್ದು ಒಂದೇ, ಬೀದಿಯ ಬೇರೆ ಮಕ್ಕಳಂತೆ ನವ್‌ಜೋತೆ ದೀಕ್ಷೆ ಪಡೆದು ಕಸ್ತಿ ಕಟ್ಟಿಕೊಳ್ಳುವುದು. ಅಪ್ಪ ಪರಜಾತಿಯವನು, ಆಗುವುದಿಲ್ಲ ಎಂದು ಕೇಕೋಬಾದ್ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

ಅದೇ ಕೇಕೋಬಾದ್ ಒಂದು ಬೆಳಗ್ಗೆ ಬಂದು, ಪುದೀನ ಹಾಕಿದ ಚಹಾ ಹೀರುತ್ತ ವಿಷಯ ತೆಗೆದ.

"ಅಕ್ಕ, ಸೊರಾಬ್‌ಜಿ ಮೊಮ್ಮಗ ಲಂಡನ್ನಿಂದ ಬರ್ತಿದಾನೆ, ನವ್‌ಜೋತೆಗೆ. ನಿನ್ನ ಕೈಯಿಂದಾನೇ ಕಸ್ತಿ ಆಗ್ಬೇಕಂತೆ."

"ಆ ಹುಡುಗನ ತಾಯಿ ಯಾರು?"

"ಅಲ್ಲಿಯೋಳೇ, ಬಿಳಿ ಹೆಂಗಸು. ಅದ್ಯಾಕೆ ಈಗ?"

"ಅವಳು ಯಾವ ಅಗಿಯಾರಿಗೆ ಹೋಗ್ತಿದ್ಲಪ್ಪ?"

"ಅಪ್ಪ ನಮ್ಮೋನಲ್ವಾ? ಅಪ್ಪ ನಮ್ಮೋನಾದ್ರೆ ಮಗು ನಮ್ದೇ."

"ನನ್ನ ಮಗಳು ಹೆತ್ರೆ ಮಾತ್ರ ಪಕ್ಕದ್ಮನೇದಾ? ಕೇಕಿ, ನಿನ್ನ ಹೆತ್ತಿದ್ದು ಅಪ್ಪನಾ, ಅಮ್ಮನಾ?"

"ಇದೇನು ನಾನು ಮಾಡಿದ ಕಟ್ಟಳೆಯಾ? ಹಿರಿಯರು ಮಾಡಿದ್ದು" ಎಂದು ಅವನು ಟೋಪಿ ಸರಿಮಾಡಿಕೊಂಡು ಎದ್ದ.

ಗಂಡಸು ಯಾರನ್ನು ಕಟ್ಟಿಕೊಂಡು ಬಂದರೂ ಅವನ ಮಕ್ಕಳಿಗೆ ಬಾಗಿಲು ತೆರೆದಿರುತ್ತದೆ, ಹೆಂಗಸು ಹೊರಗೆ ಕೈಹಿಡಿದರೆ ಅವಳು ಹೆತ್ತದ್ದಕ್ಕೂ ಅಗುಳಿ ಬೀಳುತ್ತದೆ. ನಾವು ಕಡಿಮೆಯಾದೆವು, ಮುಗಿದೇ ಹೋಗುತ್ತೇವೆ ಎಂದು ಸಭೆಯಲ್ಲಿ ಗೋಳಾಡುವವರೂ ಇವರೇ, ಬಾಗಿಲಿಗೆ ಬಂದ ಮಗುವನ್ನು ಅಟ್ಟುವವರೂ ಇವರೇ. ನಾಚಿಕೆಯಾದರೂ ಬೇಡವೇ?

ಆಲಾಮಾಯಿ ಒಂದರ ಬದಲು ಎರಡು ನೇಯ್ದಳು. ಎರಡನೆಯದು ಯಾರಿಗೆಂದು ಹುತೋಕ್ಷಿಗೆ ಕೇಳದೆಯೇ ತಿಳಿಯಿತು.

"ಅಮ್ಮ, ಬೇರೆಯವುಗಳ ಜೊತೆ ಇದನ್ನೂ ಸೇರಿಸಿ ಕೊಟ್ಬಿಡು. ಯಾರದ್ದು ಅಂತ ಮಾಮ ಯಾವತ್ತು ಕೇಳಿದಾರೆ? ಕತ್ತರಿಸಿ ಕೊಡ್ತಾರೆ."

ಅದು ನಿಜವೇ. ಕೇಕೋಬಾದ್ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಆದರೂ ಆಲಾಮಾಯಿ ಕೆರಳಿದಳು.

"ನನ್ನ ಮೊಮ್ಮಗಳೇನು ಕಳ್ಳಮಾಲಾ?"

ನೇರ ಅಗಿಯಾರಿಯ ಜಗಲಿಗೆ ಹೋದಳು. ನಾಲ್ಕಾರು ಜನ ಕೂತಿದ್ದರು. ಅವರೆದುರೇ ಎರಡನ್ನೂ ತಮ್ಮನ ಮುಂದಿಟ್ಟಳು.

"ಇದು ಸೊರಾಬ್‌ಜಿ ಮೊಮ್ಮಗಂದು, ಇದು ನನ್ನ ತನಾಜ್‌ದು. ಕತ್ತರಿಸೋದಾದ್ರೆ ಎರಡೂ ಕತ್ತರಿಸು, ಇಲ್ಲಾಂದ್ರೆ ಎರಡೂ ಬಿಡು."

ಕೇಕೋಬಾದ್ ಕೂತವರ ಮುಖ ನೋಡಿದ. ಹುಡುಗನದಕ್ಕೆ ಮಾತ್ರ ಕೈ ಚಾಚಿದ. ಆಲಾಮಾಯಿ ಎರಡನ್ನೂ ಕಿತ್ತುಕೊಂಡು ಚೀಲಕ್ಕೆ ತುರುಕಿದಳು.

ಸೊರಾಬ್‌ಜಿಯವರು ಉದ್ವಾಡದಿಂದ ಕಸ್ತಿ ತರಿಸಿದರು. ನವ್‌ಜೋತೆ ಧಾಂಧೂಂ ಎಂದು ನಡೆಯಿತು, ಬಾಳೆ ಎಲೆಯಲ್ಲಿ ಬೆಂದ ಮೀನಿನ ವಾಸನೆ ಬೀದಿಯೆಲ್ಲ ಹರಡಿತು. ಮುದುಕಿಗೆ ಕೊಬ್ಬು ಎಂದರು ಜನ. ಆಮೇಲೆ ಕಸ್ತಿ ಬೇಕೆಂದು ಯಾರೂ ಅವಳ ಮೆಟ್ಟಿಲು ಹತ್ತಲಿಲ್ಲ.

ಹತ್ತದಿದ್ದರೆ ಬಿಡಲಿ ಎಂದುಕೊಂಡು ಆಲಾಮಾಯಿ ತಾನೇ ಪ್ರಾರ್ಥನೆ ಹೇಳಿ ತನಾಜ್‌ಳ ಕಸ್ತಿಯನ್ನು ಕತ್ತರಿಸಿದಳು, ತುದಿಗಳನ್ನು ಹೆಣೆದಳು. ತನಾಜ್‌ಗೆ ಸ್ನಾನ ಮಾಡಿಸಿ, ಬಿಳಿ ಸುದ್ರೇ ಅಂಗಿ ತೊಡಿಸಿ, ಹುತೋಕ್ಷಿಯ ಎದುರೇ ದೀಪದ ಮುಂದೆ ನಿಲ್ಲಿಸಿದಳು. ಹುಡುಗಿ ಒಂದಕ್ಷರ ತಪ್ಪದೆ ಪ್ರಾರ್ಥನೆ ಹೇಳುತ್ತ ಕಸ್ತಿಯನ್ನು ಸುತ್ತಿಕೊಂಡಳು. ಗಂಟಿಗೆ ಕೈ ಹಾಕಿದವಳು ತಡೆದು ನಿಂತಳು.

"ಮಮೈ, ಇದು ನಿಜವಾದ ಕಸ್ತೀನೇ ತಾನೆ?" ಎಂದು ಅಜ್ಜಿಯನ್ನು ಕೇಳಿದಳು.

ಆಲಾಮಾಯಿಗೆ ಮೈಯೆಲ್ಲ ಉರಿದುಹೋಯಿತು. ತಮ್ಮನ ಮೇಲೆ ಇಷ್ಟು ದಿನ ಬಂದಿದ್ದ ಸಿಟ್ಟು ಇದರ ಮುಂದೆ ಏನೂ ಅಲ್ಲ. ಇಷ್ಟು ಚಿಕ್ಕ ಕೂಸಿನ ಬಾಯಿಂದ ಈ ಮಾತು ಬರುವಂತೆ ಮಾಡಿಬಿಟ್ಟರಲ್ಲ.

"ನಿಜವಾದ್ದೇ. ಬಿಗಿಯಾಗಿ ಕಟ್ಟು" ಎಂದಳು.

ತನಾಜ್ ಕಟ್ಟಿದಳು. ಕಟ್ಟಿ, ಹೌದೋ ಅಲ್ಲವೋ ಎಂದು ತಾಯಿಯ ಮುಖ ನೋಡಿದಳು.