ಅಂಗೈಯಲ್ಲಿ ಏಳು ಚುಕ್ಕಿ

ಎಪ್ಪತ್ತರ ದಶಕದ ಆರಂಭದ ಒಂದು ಜುಲೈ. ಅಂದು ನನಗೆ ವಾರದ ರಜೆಯ ದಿನ. ಮುಂಬಯಿಯ ಕುರ್ಲಾದಲ್ಲಿ ಹಳಿಗಳ ಮೇಲೆ ಮಳೆನೀರು ನಿಂತು ಲೋಕಲ್ ಓಡುತ್ತಿರಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯಲ್ಲಿ ಅದು ನಾಲ್ಕು ಸಾಲಿನ ಸುದ್ದಿ. ಗ್ರಾಂಟ್ ರೋಡಿನ ನಮ್ಮ ಬಿಲ್ಡಿಂಗಿನ ಕೆಳಗಿನ ಮಹಡಿಯಲ್ಲಿ ಮಾತ್ರ ಅದರಿಂದ ಅಳು ಶುರುವಾಗಿತ್ತು.

ಅಲ್ಲಿದ್ದುದು ವಿಜಾಪುರದ ಕಡೆಯ ಟೇಲರ್ ಕುಟುಂಬ. ಮನೆಯೊಳಗೆ ದಖ್ಖನಿ ಉರ್ದು, ನಮ್ಮೊಂದಿಗೆ ಕನ್ನಡ. ಮರುದಿನ ಅವರ ಮಗಳ ನಿಕಾಹ್. ಮೆಹಂದಿ ಹಾಕಬೇಕಿದ್ದ ಸೋದರತ್ತೆ ಲೋಕಲ್ ಇಲ್ಲದೆ ಕಲ್ಯಾಣ್ ಸ್ಟೇಷನ್ನಿನಲ್ಲೇ ಸಿಕ್ಕಿಬಿದ್ದಿದ್ದಳು. ಮಧ್ಯಾಹ್ನ ಊಟ ಮುಗಿಯುವಷ್ಟರಲ್ಲಿ ಹುಡುಗಿ, ಅವಳ ಅಜ್ಜಿ, ಕಲಸಿದ ಮೆಹಂದಿಯ ಬಟ್ಟಲು, ಮೂರೂ ನಮ್ಮ ಬಾಗಿಲಲ್ಲಿ ಹಾಜರು.

“ಅಕ್ಕಾರ, ದಿನಾ ಬಾಗಲಾಗ ರಂಗೋಲಿ ಬಿಡಸ್ತೀರಲ್ಲ, ಅದನ್ನs ಈಕಿ ಕೈಮ್ಯಾಲೆ ಬಿಡಸ್ರಿ,” ಎಂದರು ಅಜ್ಜಿ.

ಮೈಸೂರಿನವಳಾದ ನನ್ನ ಹೆಂಡತಿ ಹೌಹಾರಿದಳು. “ಅಯ್ಯೋ ಅಜ್ಜಿ, ನನಗೆ ಗೋರಂಟಿ ಅಂದ್ರೆ ಅಂಗೈ ಮಧ್ಯೆ ಒಂದು ದುಂಡು, ಬೆರಳಿಗೆ ಟೋಪಿ. ಅಷ್ಟೇ ಗೊತ್ತಿರೋದು.”

“ಆಂಟಿ, ಪ್ಲೀಸ್. ಬರೀ ಕೈಲೆ ನಾ ಕೂಡಂಗಿಲ್ಲ,” ಎಂದು ಹುಡುಗಿ ಕೈ ಚಾಚಿಯೇ ಬಿಟ್ಟಳು.

ಆಫೀಸಿನಲ್ಲಿ ತಂತಿಸುದ್ದಿಯ ಹಾಳೆ ಕತ್ತರಿಸುವ ನನ್ನ ಬ್ಲೇಡಿನಿಂದ, ಮೆಹಂದಿಯ ಗೆರೆ ಎಳೆಯಲು ಬೆಂಕಿಕಡ್ಡಿಗಳನ್ನು ಸೂಜಿಯಷ್ಟು ತೆಳ್ಳಗೆ ಸೀಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ವರಾಂಡದ ಬೆಳಕಿನಲ್ಲಿ ಇಬ್ಬರೂ ಎದುರುಬದುರು ಕೂತರು. ಹೆಂಡತಿ ಅಭ್ಯಾಸದಂತೆ ಮೊದಲು ಚುಕ್ಕಿ ಇಡತೊಡಗಿದಳು: ಅಂಗೈಯ ಅಡ್ಡಕ್ಕೆ ಏಳು, ಅದರ ಕೆಳಗೆ ಐದು. ಮೂರನೆಯ ಸಾಲಿಗೆ ಬರುವಾಗ ಹುಡುಗಿ ಕಚಗುಳಿಯಿಂದ ನಕ್ಕಳು. ಕೈ ಅಲುಗಿ ಚುಕ್ಕಿಗಳು ಮಣಿಕಟ್ಟಿನತ್ತ ಜಾರಿದವು. ಹೆಂಡತಿ, ನೆಲದ ಮೇಲಿನ ರಂಗೋಲಿ ಪುಡಿಯನ್ನು ಒರೆಸುವಂತೆ, ಕೈಯಂಚಿನಿಂದ ಸರ್ರನೆ ಒರೆಸಿದಳು.

ಪುಡಿಯಾಗಿದ್ದರೆ ಹೋಗುತ್ತಿತ್ತು. ಮೆಹಂದಿ ಅಂಗೈ ನಡುವೆ ಬಳಿದುಕೊಂಡು ಕೂತಿತು. ಒದ್ದೆ ಬಟ್ಟೆಯಿಂದ ಉಜ್ಜಿದರೂ ಕಿತ್ತಳೆ ಕಲೆ ಬಿಡಲಿಲ್ಲ.

“ಯಾ ಅಲ್ಲಾ! ಸಿಡುಬು ಎದ್ದಂಗ ಕಾಣಸ್ತದಲ್ಲ!” ಎಂದರು ಅಜ್ಜಿ.

ಹುಡುಗಿಯ ಕಣ್ಣು ತುಂಬಿದವು. ನನ್ನ ಕಡೆ ತಿರುಗಿ, “ಚಾಚಾ, ಏನಾರ ಮಾಡ್ರಿ,” ಎಂದಳು. ಗಡುವಿಗೆ ಐದು ನಿಮಿಷವಿದ್ದಾಗ ಮುಖಪುಟ ಬದಲಿಸಿದವನು ನಾನು. ಇಲ್ಲಿ ಮಾತ್ರ ಇನ್ನೊಂದು ಬೆಂಕಿಕಡ್ಡಿ ಸೀಳಿಟ್ಟೆ.

ಹೆಂಡತಿ ಯಾರ ಮುಖವನ್ನೂ ನೋಡಲಿಲ್ಲ. ಬಟ್ಟಲಿಗೆ ಬೆರಳದ್ದಿ ಕಲೆಯ ಮೇಲೆ ದಪ್ಪನೆಯ ದುಂಡನ್ನು ಇಟ್ಟಳು, ಅವಳ ತಾಯಿ ಅವಳಿಗೆ ಇಡುತ್ತಿದ್ದಂತೆ. ಉಳಿದ ಚುಕ್ಕಿಗಳು ಎಲ್ಲಿ ಬಿದ್ದಿದ್ದವೋ ಅಲ್ಲೇ ಬಿಟ್ಟು, ಕಡ್ಡಿ ತೆಗೆದುಕೊಂಡು ಅವುಗಳ ಸುತ್ತ ಎಳೆ ಎಳೆಯತೊಡಗಿದಳು. ಎಳೆ ಒಂದು ಚುಕ್ಕಿಯನ್ನು ಬಳಸಿ ಇನ್ನೊಂದನ್ನು ದಾಟಿತು, ಜಾರಿದ ಚುಕ್ಕಿಗಳನ್ನು ಹಿಂಬಾಲಿಸಿ ಮಣಿಕಟ್ಟಿಗಿಳಿದು ತಿರುಗಿ ಬೆರಳು ಹತ್ತಿತು. ಎಲ್ಲಿಯೂ ತುಂಡಾಗಲಿಲ್ಲ. ದಿನವೂ ಆಫೀಸಿಗೆ ಹೊರಡುವಾಗ ದಾಟಿಹೋಗುತ್ತಿದ್ದ ಹೊಸ್ತಿಲ ರಂಗೋಲಿಯನ್ನು ನಾನು ಅಂದೇ ಮೊದಲ ಸಲ ಸರಿಯಾಗಿ ನೋಡಿದ್ದು, ಅದೂ ಒಬ್ಬಳ ಕೈಮೇಲೆ.

ಅಜ್ಜಿ ಕನ್ನಡಕ ಏರಿಸಿ ಬಗ್ಗಿದರು. “ನಮ್ಮೂರ ದರ್ಗಾದ ಕಲ್ಲಿನ ಜಾಲಂದರದಾಗ ಹಿಂಗs ಕೆತ್ಯಾರ. ಸಣ್ಣಾಕಿ ಇದ್ದಾಗ ಬಟ್ಟು ಆಡಿಸ್ಕೋತ ಕೂಡ್ತಿದ್ದೆ. ಇದರ ಸುರು ಎಲ್ಲಿ, ಕಡಿ ಎಲ್ಲಿ, ಸಿಗ್ತಿದ್ದಿಲ್ಲ.” ಆಮೇಲೆ ಮೊಮ್ಮಗಳ ಇನ್ನೊಂದು ಕೈ ಎಳೆದು ಮುಂದಿಟ್ಟರು. “ಇದಕ್ಕೂ ಹಂಗs. ಏ ಹುಡುಗಿ, ಈಗ ನಗು, ಕೈ ಅಲುಗಲಿ!”

ಹುಡುಗಿಗೆ ನಗು ತಡೆಯಲಾಗಲಿಲ್ಲ. ಚುಕ್ಕಿಗಳು ಮತ್ತೆ ಜಾರಿದವು.

ಮರುದಿನದ್ದು ನಾನು ಕಂಡದ್ದಲ್ಲ, ಹೆಂಗಸರ ಕಡೆಯಿಂದ ಹೆಂಡತಿ ತಂದ ವರದಿ. ಮೆಟ್ಟಿಲು ಹತ್ತುತ್ತಲೇ ಶುರುಮಾಡಿದ್ದಳು. “ಎಷ್ಟು ಕೆಂಪಾಗಿತ್ತು ಗೊತ್ತಾ! ಗಂಡಿನ ಚಿಕ್ಕಮ್ಮ ಕೈ ಬಿಡ್ಲೇ ಇಲ್ಲ. ಹೇಗೆ ಹಾಕಿದ್ದು ಅಂತ ಕೇಳಿದ್ರೆ ಮದುವೆ ಹುಡುಗೀನೇ ಮುಸುಕು ಸರಿಸಿ, ‘ಮೊದಲು ಏಳು ಚುಕ್ಕಿ, ಆಮೇಲೆ ಜೋರಾಗಿ ನಗಬೇಕು’ ಅಂತ ಹೇಳಿಬಿಡೋದೇ!”