ಕವರು ಬಿಚ್ಚದ ಮೈದುನ

ನನ್ನ ಮೈದುನನ ಮನೆಯಲ್ಲಿ ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಕೆ, ಟಿ.ವಿ. ರಿಮೋಟಿಗೆ ಪ್ಲಾಸ್ಟಿಕ್ ಚೀಲ. ಮದುವೆಗೆ ಬಂದ ಗೋಡೆ ಗಡಿಯಾರ ಇನ್ನೂ ಡಬ್ಬದೊಳಗೇ ಇದೆ. ಟೈಮು ಕೇಳಲು ಪಕ್ಕದ ಮನೆಗೆ ಹೋಗುತ್ತಾನೆ. ಇಂಥವನನ್ನು ಹೈಸ್ಕೂಲಿಗೆ ಹೆಡ್‌ಮಾಸ್ಟರ್ ಮಾಡಿದರು.

ಮಕ್ಕಳಿಗೆಂದು ಶಾಲೆಗೆ ಟ್ಯಾಬ್‌ಗಳು ಬಂದವು. ಒರೆಸಿ ಬೀರುವಿನಲ್ಲಿಟ್ಟು ಬೀಗ ಜಡಿದ.

ನನ್ನ ಮೊಮ್ಮಗಳು ಓದುವುದು ಅಲ್ಲೇ. ಪಾಠ, ಹೋಂವರ್ಕ್ ಎಲ್ಲ ಮೊಬೈಲಿಗೆ ಬರುತ್ತವೆ. ನಮ್ಮ ಮನೆಯ ಒಂದೇ ಮೊಬೈಲು ಅವಳಪ್ಪನ ಜೊತೆ ಲಾರಿಯಲ್ಲಿ ಊರೂರು ತಿರುಗುತ್ತದೆ. ಹೀಗೇ ಆದರೆ ಹುಡುಗಿ ಈ ವರ್ಷ ಅದೇ ಕ್ಲಾಸಿನಲ್ಲಿ ಉಳಿಯುತ್ತಾಳೆ ಎಂದು ಟೀಚರ್ ಹೇಳಿಕಳಿಸಿದರು.

"ಚಿಕ್ಕತಾತ, ಒಂದು ಟ್ಯಾಬ್ ಕೊಡಿ. ಓದಿ ವಾಪಸ್ ಕೊಡ್ತೀನಿ."

"ಎಲ್ಲಿ, ಕೈ ತೋರಿಸು. ಥೂ, ಬೆವರು! ದೊಡ್ಡವಳಾಗು, ಆಮೇಲೆ ನೋಡೋಣ."

ಅಷ್ಟರಲ್ಲಿ, ಉಳ್ಳವರು ಇಲ್ಲದವರು ಅನ್ನದೆ ಮಕ್ಕಳೆಲ್ಲರಿಗೂ ಕಂಪ್ಯೂಟರ್ ಕಲಿಕೆ ಮುಟ್ಟಿಸಲು ಬೇರೆ ದೇಶದವರು ಏನು ಮಾಡುತ್ತಾರೆ, ನೋಡಿ ಬನ್ನಿ ಎಂದು ಇಲಾಖೆ ಕೆಲವರನ್ನು ಕಳಿಸಿತು. ಆ ಪುಣ್ಯಾತ್ಮರಲ್ಲಿ ನಮ್ಮವನೂ ಒಬ್ಬ. ಸೂಟ್‌ಕೇಸಿಗೂ ಕವರು ಹೊಲಿಸಿಕೊಂಡು ಹೋದ.

ಬಂದವನೇ ನಮ್ಮ ಮನೆಯಲ್ಲಿ ಕೂತು ಶುರು ಮಾಡಿದ. "ಒಂದು ದೇಶದಲ್ಲಿ ಮಕ್ಕಳು ಟ್ಯಾಬ್ ಮನೆಗೇ ಒಯ್ತಾರೆ ಅತ್ತಿಗೆ. ಇನ್ನೊಂದರಲ್ಲಿ ಇಲ್ಲದವರ ಮನೆಗೆ ಸರ್ಕಾರವೇ ಇಂಟರ್ನೆಟ್ ಹಾಕಿಸುತ್ತೆ. ಮತ್ತೊಂದರಲ್ಲಿ ಕೆಟ್ಟರೆ ಶಾಲೆಯಲ್ಲೇ ರಿಪೇರಿ."

"ಹಾಗಾದರೆ ನೀನೂ ಬೀರು ತೆಗೀತೀಯ ಅನ್ನು."

"ಅಯ್ಯೋ, ಅಲ್ಲಿನವನ್ನ ನೀವು ನೋಡಬೇಕಿತ್ತು. ಮೈಯೆಲ್ಲ ಗೀರು, ಮೂಲೆ ಒಡೆದಿದೆ, ಮಕ್ಕಳ ಎಂಜಲು ಬೆರಳಿನ ಗುರುತು. ನಮ್ಮಲ್ಲಿ ಒಂದಕ್ಕಾದರೂ ಗೀರಿದೆಯಾ? ವರದೀಲಿ ಬರೆದಿದ್ದೀನಿ, ಜೋಪಾನದಲ್ಲಿ ನಾವೇ ಫಸ್ಟು ಅಂತ."

"ಮುಟ್ಟದೇ ಇದ್ದರೆ ಗೀರು ಎಲ್ಲಿಂದ ಬೀಳಬೇಕಪ್ಪಾ?"

"ನಿಮಗೆ ಇದೆಲ್ಲ ಅರ್ಥ ಆಗಲ್ಲ, ಬಿಡಿ."

ವರದಿ ಓದಿ ಮೆಚ್ಚಿದ ಇಲಾಖೆಯ ಸಾಹೇಬರು ಶಾಲೆ ನೋಡಲು ಬಂದರು. ಮಕ್ಕಳ ಮನೆಯವರನ್ನೂ ಕರೆದಿದ್ದರು, ನಾನೂ ಹೋಗಿದ್ದೆ. ಮೈದುನ ನನ್ನ ಮೊಮ್ಮಗಳ ಕೈಯನ್ನು ಸೋಪು ಹಾಕಿ ತೊಳೆಸಿ, ಎಲ್ಲರ ಮುಂದೆ ಟ್ಯಾಬ್ ಕೊಟ್ಟ. ಅವಳ ಮುಖ ಅರಳಿತು. ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಇನ್ನೊಂದು ತಂದರು, ಮತ್ತೊಂದು ತಂದರು. ಒಂದಕ್ಕೂ ಜೀವ ಬರಲಿಲ್ಲ. ಕೆಲವು ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು.

"ಬಂದಾಗಿನಿಂದ ಚಾರ್ಜೇ ಮಾಡಿಲ್ಲ, ಬ್ಯಾಟರಿ ಸತ್ತಿದೆ" ಎಂದ ಸಾಹೇಬರ ಡ್ರೈವರು.

ಸಾಹೇಬರು ಒಂದನ್ನು ತಿರುಗಿಸಿ ನೋಡಿ, "ಗೀರಂತೂ ಇಲ್ಲ" ಎಂದು ಹೇಳಿ ಕಾರು ಹತ್ತಿದರು. ಅವನಿಗೆ ತಕ್ಕ ಸಾಹೇಬರು!

ಮೊಮ್ಮಗಳು ಅದೇ ಕ್ಲಾಸಿನಲ್ಲಿ ಉಳಿದಳು. ಮೈದುನ ಮಾತ್ರ ಸಾಹೇಬರು ಬಂದುಹೋದ ದಿನವೇ, ಅವಳ ಬೆರಳಿನ ಗುರುತು ಒರೆಸಿ, ಸತ್ತವನ್ನೆಲ್ಲ ಒಂದೊಂದಾಗಿ ಕವರಿಗೆ ಹಾಕಿ, ಮತ್ತೆ ಬೀಗ ಜಡಿದ.