ಜಯಮ್ಮನವರ ಹಸು

ಬಸವೇಶ್ವರನಗರದ ನಮ್ಮ ಬೀದಿಗೆ ಬರುವ ತರಕಾರಿ ಗಾಡಿಯವನಿಗೆ ಒಂದು ಅಭ್ಯಾಸ. ನವಿಲುಕೋಸನ್ನು ತಕ್ಕಡಿಗೆ ಹಾಕುವ ಮುಂಚೆ ಅದರ ಸೊಪ್ಪನ್ನು ಲಟಕ್ಕನೆ ಮುರಿದು ಗಾಡಿಯ ಕೆಳಗಿನ ಚೀಲಕ್ಕೆ ಎಸೆಯುತ್ತಾನೆ. ನೀವೂ ನೋಡಿರುತ್ತೀರಿ, ಕೊಳ್ಳುವವರು ಯಾರೂ ಅದನ್ನು ಬೇಕು ಅನ್ನುವುದಿಲ್ಲ. ನಿನ್ನೆ ಬೆಳಿಗ್ಗೆ ನಾನು ಬೇಕು ಅಂದೆ. ಮೂಲಂಗಿಯದನ್ನೂ ಸೇರಿಸಿ ಕೊಡು ಅಂದೆ.

"ಹಸುಗಾ ಸಾರ್?"

"ಹೂಂ, ಹಸುಗೆ," ಅಂದುಬಿಟ್ಟೆ.

ನಮ್ಮ ಮನೆಯಲ್ಲಿ ಹಸು ಇಲ್ಲ. ಸ್ಕೂಟರ್ ನಿಲ್ಲಿಸುವುದಕ್ಕೇ ಜಾಗವಿಲ್ಲ. ರಕ್ತ ಕಡಿಮೆಯಿದೆ, ಸೊಪ್ಪು ಚೆನ್ನಾಗಿ ತಿನ್ನಿ ಎಂದು ಡಾಕ್ಟರು ಹೇಳಿದ್ದು ನನಗೆ. ಮತ್ತೇಕೆ ಸುಳ್ಳು ಹೇಳಿದೆ ಅನ್ನುತ್ತೀರಾ? ಆ ಸುಳ್ಳು ನನ್ನ ಸ್ವಂತದ್ದಲ್ಲ, ಜಯಮ್ಮನವರಿಂದ ಬಂದದ್ದು.

ನನಗೆ ಆಗತಾನೆ ಕೆಲಸ ಸಿಕ್ಕಿದ್ದ ಕಾಲ. ಇದೇ ಬಡಾವಣೆಯ ಒಂದು ಮನೆಯ ಮುಂಭಾಗದಲ್ಲಿ ಅಮ್ಮ ಮತ್ತು ನಾನು ಬಾಡಿಗೆಗಿದ್ದೆವು. ಹಿಂಭಾಗದಲ್ಲಿ ಜಯಮ್ಮನವರು ಒಬ್ಬರೇ, ರವಿಕೆ ಹೊಲಿದುಕೊಂಡು. ಗಾಡಿ ಬಂದಾಗ ನಾವೆಲ್ಲ ಗೆಡ್ಡೆ ಕೊಂಡು ಸೊಪ್ಪು ಬಿಡುತ್ತಿದ್ದೆವು. ಅವರು "ಹಸುಗೆ ಬೇಕಿತ್ತು" ಎನ್ನುತ್ತ ಅದನ್ನು ಸೆರಗಿಗೆ ತುಂಬಿಕೊಳ್ಳುತ್ತಿದ್ದರು. ಆಗ ಬೀದಿಗೆರಡು ಹಸು ಓಡಾಡುತ್ತಿದ್ದವು. ಯಾವುದು ಯಾರದು ಎಂದು ಕೇಳಿದವರಿಲ್ಲ.

ಹೊಸ ಸಂಬಳದ ಜೊತೆ ನನಗೆ ಪುಣ್ಯದ ಹುಚ್ಚೂ ಹತ್ತಿತ್ತು. ಬಾಳೆಹಣ್ಣಿನ ಸಿಪ್ಪೆ, ಹಿಂದಿನ ದಿನದ ಇಡ್ಲಿ, ಹಳಸಿದ ಅನ್ನ ಎಲ್ಲವನ್ನೂ ಬಕೆಟ್ಟಿಗೆ ಹಾಕಿ ಅವರ ಬಾಗಿಲಿಗೆ ಒಯ್ದು, "ನಿಮ್ಮ ಹಸುಗೆ" ಎನ್ನುತ್ತಿದ್ದೆ. ಅವರು ಒಮ್ಮೆಯೂ ಮುಖ ಸಿಂಡರಿಸಲಿಲ್ಲ. "ಒಳ್ಳೇದಾಗ್ಲಪ್ಪ" ಎಂದು ತೆಗೆದುಕೊಳ್ಳುತ್ತಿದ್ದರು. ಈಗ ನೆನೆದರೆ ನನ್ನ ಕಿವಿ ಬಿಸಿಯಾಗುತ್ತದೆ.

ಒಂದು ಶುಕ್ರವಾರ ಅಮ್ಮನಿಗೆ ಹಸುವಿಗೆ ಅಕ್ಕಿ ಬೆಲ್ಲ ತಿನ್ನಿಸಬೇಕು ಅನಿಸಿತು. "ಜಯಮ್ಮನೋರು ಹಸೂನ ಎಲ್ಲಿ ಕಟ್ಟಿದಾರೆ ಕೇಳ್ಕೊಂಡ್ ಬಾರೋ" ಎಂದಳು. ಹೋದೆ. ಬಾಗಿಲು ತೆರೆದಿತ್ತು. ಜಯಮ್ಮನವರು ಊಟಕ್ಕೆ ಕೂತಿದ್ದರು. ತಟ್ಟೆಯಲ್ಲಿ ಬಿಸಿ ಮುದ್ದೆ, ಪಕ್ಕದಲ್ಲಿ ಹಸಿರು ಪಲ್ಯ. ಬೆಳಿಗ್ಗೆ ನಾವು ಬೇಡವೆಂದ ಮೂಲಂಗಿ ಸೊಪ್ಪು ಒಲೆಯ ಪಕ್ಕ ಇನ್ನೂ ಅರ್ಧ ಉಳಿದಿತ್ತು. ಆದರೂ ನಾನು ಪೆದ್ದನಂತೆ, "ಹಸು ಎಲ್ಲಿ?" ಎಂದೆ.

ಅವರು ನನ್ನನ್ನೊಮ್ಮೆ, ತಟ್ಟೆಯನ್ನೊಮ್ಮೆ ನೋಡಿದರು. "ಹಸು ಈಗ ತಾನೆ ಊಟಕ್ಕೆ ಕೂತಿದೆ. ನೀನೂ ಕೂತ್ಕೋಪ್ಪ."

ಕೂತೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ, ಅರೆಬೆಂದ ಹೆಸರುಬೇಳೆ, ಸೊಪ್ಪಿನದೇ ಒಂದು ಸಣ್ಣ ಖಾರ. ನಾಚಿಕೆಯಿಲ್ಲದೆ ಎರಡನೇ ಸಲ ಹಾಕಿಸಿಕೊಂಡೆ.

"ನಾನ್ ತಿನ್ನೋಕೆ ಅಂದ್ರೆ ಬಡತನ ಅಂತಾರೆ. ಹಸುಗೆ ಅಂದ್ರೆ ಪುಣ್ಯ ಅಂತಾರೆ. ಸೊಪ್ಪು ಅದೇ ಅಲ್ವೇನಪ್ಪ?" ಎಂದರು. ಆಮೇಲೆ ದನಿ ತಗ್ಗಿಸಿ, "ಯಾರ್ಗೂ ಹೇಳ್ಬೇಡ."

"ಮತ್ತೆ ನನ್ನ ಬಕೆಟ್ಟು?"

"ಗುಲಾಬಿ ಗಿಡಕ್ಕೆ. ನೋಡು, ಹೆಂಗ್ ಬಂದಿದೆ."

ಮನೆಗೆ ಬಂದು, ಹಸು ಅತ್ತಿಗುಪ್ಪೆಯಲ್ಲಿದೆಯಂತೆ ಎಂದೆ. ಬೆಳ್ಳುಳ್ಳಿ ಘಮಘಮಿಸುತ್ತಿದ್ದ ನನ್ನ ಕೈಯನ್ನು ನೋಡಿ ಅಮ್ಮ ಅಕ್ಕಿ ಬೆಲ್ಲವನ್ನು ಒಳಗಿಟ್ಟಳು. ಮರುದಿನದಿಂದ ಬಕೆಟ್ಟು ನಿಂತಿತು. ನಮ್ಮ ಪಾಲಿನ ಸೊಪ್ಪನ್ನು ಅಮ್ಮನೇ ತೊಳೆದು, ಮೇಲೊಂದು ಕಾಯಿ ಹೋಳು ಇಟ್ಟು, "ಜಯಮ್ಮನೋರ ಹಸುಗೆ ಕೊಟ್ಬಾ" ಎನ್ನುತ್ತಿದ್ದಳು. ಯಾವ ಹಸು ಕಾಯಿ ತುರಿದುಕೊಳ್ಳುತ್ತದೆ ಎಂದು ಜಯಮ್ಮನವರೂ ಕೇಳಲಿಲ್ಲ, ಅಮ್ಮನೂ ಹೇಳಲಿಲ್ಲ.

ಇಷ್ಟೆಲ್ಲ ನಿನ್ನೆ ಗಾಡಿಯ ಮುಂದೆ ನಿಂತೇ ನೆನೆಯುತ್ತಿದ್ದೆ. ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ ನವಿಲುಕೋಸು ಆರಿಸುತ್ತಿದ್ದವಳು ನನ್ನತ್ತ ತಿರುಗಿದಳು.

"ಅಂಕಲ್, ಹಸು ಸಾಕಿದೀರಾ? ನಮ್ಮನೇಲಿ ರಾತ್ರಿ ಅನ್ನ ಮಿಕ್ಕಿದೆ, ಸ್ವಲ್ಪ ಹಳಸಿದೆ. ತಂದ್ಕೊಡ್ಲಾ?"

ಅವಳ ಮುಖದಲ್ಲಿ ಥೇಟ್ ನನ್ನದೇ ಹಳೆಯ ಪುಣ್ಯದ ಕಳೆ. ಸರಿ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಗುಲಾಬಿ ಗಿಡವೂ ಇಲ್ಲ. ಜಯಮ್ಮನವರು ಅಷ್ಟು ದಿನ ನನ್ನ ಬಕೆಟ್ಟನ್ನು ಹೇಗೆ ಕೈಚಾಚಿ ತೆಗೆದುಕೊಂಡರೋ ಎನಿಸಿತು.

"ಬೇಡಮ್ಮ," ಎಂದೆ. "ಹಸು ನಾನೇ."

ಗಾಡಿಯವನು ನಕ್ಕ. ಹುಡುಗಿ ನಗಲಿಲ್ಲ. ನನ್ನ ಕೈಯ ಸೊಪ್ಪನ್ನು ನೋಡಿ, ಅವನು ಆಗಷ್ಟೇ ಎಸೆದ ತನ್ನ ಪಾಲಿನದನ್ನು ಚೀಲದಿಂದ ಎತ್ತಿಕೊಂಡಳು.

"ಹೆಂಗ್ ಮಾಡೋದು ಅಂಕಲ್?"

"ಮನೇಲಿ ಒಂದು ಕಾಯಿ ಹೋಳು ಇದೆಯಾಮ್ಮ?" ಎಂದೆ.